ಒಂದೇ ಹೆಸರಿಗೆ ಮೂರು ಎಲೆ

ಅಂಕಲ್‌ರ ಮೂಗಿನ ಬಲಹೊಳ್ಳೆಯ ಮೇಲೆ ಒಂದು ತೂತಿನ ಗುರುತಿತ್ತು. ಮುಚ್ಚಿಹೋಗಿ ಎಷ್ಟೋ ಕಾಲವಾದದ್ದು. ಹಿಟ್ಟಿನ ಮೇಲೆ ಎಳ್ಳುಕಾಳು ಒತ್ತಿ ತೆಗೆದಂಥ ಸಣ್ಣ ಗುಳಿ. ಕೋಟು, ಟೈ ಹಾಕಿಕೊಂಡು ಆಫೀಸಿನವರ ಜೊತೆ ನಿಂತ ಹಳೆಯ ಫೋಟೋಗಳಲ್ಲೂ ಅದು ಕಾಣುತ್ತದೆ. ಪರಿಚಯವಾದ ಮೊದಲ ವಾರದಲ್ಲೇ ನಾನು ತಡೆಯಲಾರದೆ ಕೇಳಿಬಿಟ್ಟಿದ್ದೆ. ನನ್ನ ಬಾಯಿ ಮೊದಲಿನಿಂದಲೂ ಹಾಗೇ, ಬೀಗ ಇಲ್ಲದ್ದು.

"ಏನ್ ಅಂಕಲ್, ಮೂಗುಬಟ್ಟು ಹಾಕ್ತಿದ್ರಾ?"

"ಹಾಕ್ತಿದ್ದೆ ಕಣಮ್ಮ, ಸ್ಕೂಲಿಗೆ ಸೇರೋವರ್ಗೂ," ಅಂದರು, ಒಂಚೂರೂ ನಗದೆ. "ನಮ್ಮವ್ವಂಗೆ ನನಗಿಂತ ಮುಂಚೆ ಮೂರು ಮಕ್ಕಳು ಹುಟ್ಟಿ ಹೋಗಿದ್ವು. ನನ್ನ ಮೊರದಲ್ಲಿಟ್ಟು ತಿಪ್ಪೆ ಮೇಲೆ ಮಲಗಿಸಿ, ಪಕ್ಕದ ಮನೆಯೋರ ಕೈಲಿ ಎತ್ತಿಸಿ, ಮೂಗು ಚುಚ್ಚಿಸಿ, ಒಂದು ಕೆಟ್ಟ ಹೆಸರು ಇಟ್ರು. ಯಮ ಬಂದ್ರೂ ಥೂ ಇದ್ಯಾವುದು ಅಂತ ವಾಪಸ್ ಹೋಗ್ಲಿ ಅಂತ."

ಮಂಡ್ಯದ ಕಡೆಯ ಆ ಹೆಸರನ್ನು ಹೊತ್ತುಕೊಂಡೇ ಅವರು ಮಿಶಿಗನ್ನಿಗೆ ಬಂದರು, ಕಾರು ಕಂಪನಿಯಲ್ಲಿ ಇಡೀ ಜೀವಮಾನ ಕೆಲಸ ಮಾಡಿದರು. ಆಫೀಸಿನಲ್ಲಿ ಅದನ್ನು ಎರಡಕ್ಷರಕ್ಕೆ ಕತ್ತರಿಸಿಕೊಂಡಿದ್ದರು. ನಾನು ಆ ಹೆಸರನ್ನು ವರ್ಷಕ್ಕೆ ಒಂದೇ ಸಲ ಬಾಯಿಬಿಟ್ಟು ಹೇಳುತ್ತೇನೆ, ಇಲ್ಲಿ ಬರೆಯುವುದಿಲ್ಲ.

ನಾನು ಮೈಸೂರಿನವಳು. ಗಂಡನ ವೀಸಾದ ಬಾಲ ಹಿಡಿದು ಬಂದವಳು, ಅಂದರೆ ಕೆಲಸ ಮಾಡುವ ಹಾಗಿಲ್ಲ, ಕಾರು ಓಡಿಸಲು ಬಾರದು, ಗಂಡ ಪಕ್ಕದ ವಾರೆನ್ ಊರಿನ ಆಫೀಸಿಗೆ ಹೋದರೆ ಸಂಜೆಯವರೆಗೆ ಗೋಡೆ ನೋಡುತ್ತ ಕೂರಬೇಕು. ನಮ್ಮ ಸಬ್‌ಡಿವಿಷನ್ನಿನಲ್ಲೇ, ಅಂದರೆ ಬಡಾವಣೆಯಲ್ಲೇ, ನಾಲ್ಕು ಮನೆ ಆಚೆ ಅಂಕಲ್, ಆಂಟಿ ಇದ್ದರು. ನನಗೆ ಡ್ರೈವಿಂಗ್ ಕಲಿಸಿದ್ದು ಅಂಕಲ್. ಹಿಮದಲ್ಲಿ ಜಾರಿದಾಗ ಬ್ರೇಕ್ ತುಳಿಯದೆ ಹೇಗೆ ಸುಧಾರಿಸಿಕೊಳ್ಳಬೇಕು ಅಂತ ಮಾಲ್‌ನ ಖಾಲಿ ಪಾರ್ಕಿಂಗಿನಲ್ಲಿ ತಾಳ್ಮೆಯಿಂದ ತೋರಿಸಿಕೊಟ್ಟರು. ಗಂಡನ ಹತ್ತಿರ ಕಲಿತಿದ್ದರೆ ಇಷ್ಟು ಹೊತ್ತಿಗೆ ಡೈವೋರ್ಸ್ ಆಗಿರುತ್ತಿತ್ತು.

ಅವರು ಕಂಪನಿಯಲ್ಲಿ ಮಾಡುತ್ತಿದ್ದದ್ದು ಸೀಟಿನ ಕೆಲಸ. ಮುಂದಿನ ಸೀಟಿನಲ್ಲಿ ಹಗುರವಾದವರು, ಅಂದರೆ ಮಗು ಕೂತರೆ, ಏರ್‌ಬ್ಯಾಗ್ ಬಂದ್ ಆಗಿ ಒಂದು ಹಳದಿ ದೀಪ ಹತ್ತಿಕೊಳ್ಳುತ್ತದಲ್ಲ, ಅದು. ಸೀಟು ಖಾಲಿ ಇದ್ದರೆ ಹತ್ತಬಾರದು, ದೊಡ್ಡವರು ಕೂತರೆ ಹತ್ತಬಾರದು, ಮಗು ಕೂತರೆ ಮಾತ್ರ ಹತ್ತಬೇಕು. ಮರಳು ತುಂಬಿದ ಮಕ್ಕಳ ಗೊಂಬೆಗಳನ್ನು ಕೂರಿಸಿ, ಎಬ್ಬಿಸಿ, ವರ್ಷಗಟ್ಟಲೆ ಅದನ್ನೇ ಪರೀಕ್ಷೆ ಮಾಡಿದವರು. ಹಾಗಾಗಿ ಅವರ ಬಾಯಲ್ಲಿ ಯಾವಾಗಲೂ ಒಂದೇ ಮಾತು: "ಕಾರು ತೆಗೆಯೋ ಮುಂಚೆ ಸೀಟಲ್ಲಿ ಯಾರ್ಯಾರಿದಾರೆ ನೋಡ್ಕೊ." ನಾನೊಬ್ಬಳೇ ಹೊರಟಾಗಲೂ ಹೇಳುತ್ತಿದ್ದರು.

ಆಂಟಿಯದು ಬೇರೆಯೇ ಧಾಟಿ. ಮಾತು ಕಮ್ಮಿ, ಕಾಫಿ ಜಾಸ್ತಿ. ಸ್ಟೀಲ್ ಲೋಟ, ಬಟ್ಟಲು ಬಿಟ್ಟು ಬೇರೆ ಯಾವುದರಲ್ಲೂ ಕುಡಿಯುತ್ತಿರಲಿಲ್ಲ. ಕುಡಿದಾದ ಮೇಲೆ ಲೋಟವನ್ನು ಬಟ್ಟಲಲ್ಲಿ ಬೋರಲು ಹಾಕುವರು, ಇನ್ನು ಬೇಡ ಅನ್ನುವಂತೆ. ಬರೀ ಹಾಲಿನ ವಾಸನೆ ಮಾತ್ರ ಅವರಿಗೆ ಆಗುತ್ತಿರಲಿಲ್ಲ, ವಾಕರಿಕೆ ಬರುತ್ತಿತ್ತು. ಆದರೂ ದಿನಾ ದೀಪ ಹಚ್ಚುವ ಹೊತ್ತಿಗೆ ಒಂದು ಸಣ್ಣ ಲೋಟದಲ್ಲಿ ಹಾಲು ಬಗ್ಗಿಸಿ ಅಡುಗೆಮನೆಯ ಮೇಜಿನ ಅಂಚಿನಲ್ಲಿ ಇಡುತ್ತಿದ್ದರು. ಯಾರಿಗೆ ಆಂಟಿ ಅಂದರೆ, "ಇರ್ಲಿ ಬಿಡೆ" ಅನ್ನುವರು. ದೇವರಿಗೇನೋ ಅಂದುಕೊಂಡು ನಾನೂ ಸುಮ್ಮನಾಗಿದ್ದೆ.

ಆಂಟಿ ತೀರಿಕೊಂಡದ್ದು ವಸಂತದಲ್ಲಿ, ಹಿಮ ಪೂರ್ತಿ ಕರಗುವ ಮುಂಚೆ. ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಅಂಕಲ್ ಹಿರಿಯರ ಹಬ್ಬ ಮಾಡುತ್ತೇನೆಂದು ಹಟ ಹಿಡಿದರು. ಅವರ ಊರಿನ ಪದ್ಧತಿ ನಿಮಗೆ ಗೊತ್ತಿರಬಹುದು: ತೀರಿಹೋದವರಿಗೆ ಇಷ್ಟವಾದದ್ದೆಲ್ಲ ಅಡುಗೆ ಮಾಡಿ, ಎಲೆ ಹಾಕಿ ಎಡೆ ಬಡಿಸಿ, ಹೊಸ ಬಟ್ಟೆ ಇಟ್ಟು, ಕರೆದು, ಬಾಗಿಲು ಹಾಕಿಕೊಂಡು ಮನೆಯವರೆಲ್ಲ ಆಚೆ ನಿಲ್ಲಬೇಕು. ಹಿರಿಯರು ಬಂದು ಉಂಡು ಹೋಗುವಷ್ಟು ಹೊತ್ತು ಬಿಟ್ಟು, ಬಾಗಿಲು ತಟ್ಟಿ ಒಳಗೆ ಹೋಗಬೇಕು. ನಾನೇ ಮುಂದೆ ನಿಂತು ಮಾಡಿದೆ. ಮುದ್ದೆ, ಕೋಳಿಸಾರು, ಒಬ್ಬಟ್ಟು, ವಡೆ, ಆಂಟಿಯ ಲೋಟದಲ್ಲಿ ಕಾಫಿ. ಅಭ್ಯಾಸಬಲದಿಂದ ಮೇಜಿನ ಅಂಚಿಗೆ ಸಣ್ಣ ಲೋಟದಲ್ಲಿ ಹಾಲೂ ಇಟ್ಟೆ. ಅಂಕಲ್ ಕೈಮುಗಿದು, "ಹಿರಿಯರೆಲ್ಲ ಬನ್ನಿ, ಉಂಡು ಹೋಗಿ," ಅಂದರು. ನಾವು ಮೂವರು, ಅಂಕಲ್, ನಾನು, ನನ್ನ ಗಂಡ, ಮನೆ ಮುಂದಿನ ಡ್ರೈವ್‌ವೇ ಮೇಲೆ ಹೋಗಿ ನಿಂತೆವು. ಎದುರು ಮನೆಯವನು ನಾಯಿ ಹಿಡಿದುಕೊಂಡು ಹೋಗುತ್ತ, ಬೀಗ ಹಾಕಿಕೊಂಡುಬಿಟ್ಟಿರಾ, ಸಹಾಯ ಬೇಕಾ ಅಂತ ಕೇಳಿದ. ಒಳಗೆ ನೆಂಟರು ಬಂದಿದ್ದಾರೆ ಅಂದೆ. ಪಾಪ, ಅವನು ಕಿಟಕಿ ಕಡೆ ನೋಡಿ, ನಮ್ಮನ್ನು ನೋಡಿ, ಬೇಗಬೇಗ ನಡೆದ.

ಬಾಗಿಲು ತೆಗೆದಾಗ ಎಲೆಯ ಮೇಲಿನದೆಲ್ಲ ಹಾಗೇ ಇತ್ತು. ಇರುವುದೇ ಹಾಗೆ, ಆಮೇಲೆ ಮನೆಯವರು ಉಣ್ಣುವುದು. ಆಂಟಿಯ ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಆದರೆ ಹಾಲಿನ ಲೋಟ ಖಾಲಿ. ಚೆಲ್ಲಿರಲಿಲ್ಲ, ಉರುಳಿರಲಿಲ್ಲ. ನಿಂತ ಜಾಗದಲ್ಲೇ ನಿಂತು, ತಳದಲ್ಲಿ ಒಂದು ಬಿಳಿ ಉಂಗುರ ಬಿಟ್ಟು ಖಾಲಿಯಾಗಿತ್ತು. ನನ್ನ ಮೈಮೇಲಿನ ಕೂದಲೆಲ್ಲ ಎದ್ದು ನಿಂತವು. ನಾನೇ ಬಗ್ಗಿಸಿದ ಹಾಲು ಕಣ್ರೀ!

ಅಂಕಲ್ ಲೋಟ ಎತ್ತಿ ನೋಡಿದರು. ಮುಖ ಬಿಳಿಚಿಕೊಂಡಿತ್ತು. "ಇದು ಅವಳಲ್ಲ," ಅಂದರು. "ಅವಳು ಹಾಲು ಮುಟ್ಟೋಳಲ್ಲ. ಕಾಫಿ ಹಾಗೇ ಇದೆ. ಅವಳು ಬರ್ಲಿಲ್ಲ."

"ಏನೋ ಹುಳ ಗಿಳ, ರಕೂನ್ ಇರ್ಬೇಕು ಅಂಕಲ್," ಅಂದ ನನ್ನ ಗಂಡ. ಮನೆಗೆ ನುಗ್ಗಿ ಸಿಕ್ಕಿದ್ದೆಲ್ಲ ತಿನ್ನುವ ಇಲ್ಲಿನ ಕಾಡುಪ್ರಾಣಿ ಅದು, ಆದರೆ ಕೋಳಿಸಾರು ಬಿಟ್ಟು ಹಾಲು ಕುಡಿಯುವ ರಕೂನು ಯಾವುದೋ ನನಗಂತೂ ಗೊತ್ತಿಲ್ಲ.

ಎರಡು ದಿನ ಅಂಕಲ್ ಬಾಗಿಲು ತೆಗೆಯಲಿಲ್ಲ. ಮೂರನೆಯ ದಿನ ಅವರೇ ನಮ್ಮ ಮನೆಗೆ ಬಂದು, ಶೂ ಬಿಚ್ಚದೆ ಹೊಸ್ತಿಲಲ್ಲೇ ನಿಂತು ಹೇಳಿದರು: "ತಪ್ಪು ನಂದೇ ಕಣಮ್ಮ. ಊರಲ್ಲಾದ್ರೆ ಹಿರಿಯರೆಲ್ಲ ಬನ್ನಿ ಅಂದ್ರೆ ನಮ್ಮೋರೇ ಬರ್ತಾರೆ, ಯಾಕಂದ್ರೆ ಜಮೀನು ಅವರದ್ದು. ಇದು ಯಾರ ಜಮೀನು? ಹೆಸರು ಹಿಡಿದು ಕರೀದೆ ಹೋದ್ರೆ ಈ ಮಣ್ಣಿನೋರು ಮೊದ್ಲು ಬರ್ತಾರೆ. ನಮ್ಮೋಳು ಆಚೇನೇ ನಿಂತಿದ್ದಾಳೆ."

ಈ ಮಣ್ಣಿನವರು ಯಾರು ಅನ್ನುವುದು ಸಬ್‌ಡಿವಿಷನ್ನಿನಲ್ಲಿ ಎಲ್ಲರಿಗೂ ಗೊತ್ತು, ಯಾರೂ ಯೋಚಿಸುವುದಿಲ್ಲ. ಮಳೆನೀರಿನ ಹೊಂಡದ ಹಿಂದೆ ಕಬ್ಬಿಣದ ಬೇಲಿ ಹಾಕಿದ ಒಂದು ಚೌಕ ಇದೆ. ಒಳಗೆ ವಾಲಿದ ಎರಡು ಕಲ್ಲು. ಹುಲ್ಲು ಕತ್ತರಿಸುವವನು ಮಷಿನ್ನನ್ನು ಅದರ ಸುತ್ತ ಬಳಸಿಕೊಂಡು ಹೋಗುತ್ತಾನೆ. ನಮ್ಮ ಮನೆಗಳೆಲ್ಲ ಎದ್ದಿರುವುದು ಸ್ಕಾಟ್ಲೆಂಡಿನಿಂದ ಬಂದ ಒಬ್ಬ ರೈತನ ಹೊಲದಲ್ಲಿ. ಕಲ್ಲಿನ ಮೇಲೆ ರಾಬರ್ಟ್ ಅಂತ, ಪಕ್ಕದಲ್ಲಿ ಹೆಂಡತಿ ಐಸೊಬೆಲ್ ಅಂತ ಇದೆ. ಕೆಳಗೆ 'ಮತ್ತು ಅವರ ಮಕ್ಕಳು' ಅಂತ ಇದೆ, ಅಷ್ಟೇ.

"ಹಾಲು ಕುಡಿಯೋಕೆ ಬಂದಿದ್ದು ಮಕ್ಕಳೇ," ಅಂದರು ಅಂಕಲ್. "ಅವರ ಹೆಸರು ಬೇಕು. ಅವರಿಗೆ ಬೇರೆ ಎಲೆ ಹಾಕಿ, ಹೆಸರು ಹಿಡಿದು ಕರೆದು, ಹೊಟ್ಟೆ ತುಂಬಿಸಿ ಕಳಿಸ್ಬೇಕು. ಆಮೇಲೆ ನಮ್ಮೋಳ್ನ ಕರೀಬೇಕು."

ಅಂಕಲ್‌ಗೆ ಆತುರವಿತ್ತು. ಷಿಕಾಗೊ ಹತ್ತಿರದ ನೇಪರ್‌ವಿಲ್‌ನಲ್ಲಿದ್ದ ಮಗಳು ಮನೆ ಮಾರಿ ಬಂದುಬಿಡಿ ಅಂತ ದಿನಾ ಫೋನು ಮಾಡುತ್ತಿದ್ದಳು. ಇನ್ನೊಂದು ಹಬ್ಬ ಇಲ್ಲಿ ಮಾಡಿ ಬರುತ್ತೇನೆ ಅಂತ ಮಾತು ಕೊಟ್ಟಿದ್ದರು. ಆ ಒಂದು ಹಬ್ಬಕ್ಕೆ ಆಂಟಿ ಬಂದು ಉಣ್ಣದಿದ್ದರೆ, ಮನೆ ಕೈಬಿಟ್ಟ ಮೇಲೆ ಅವರನ್ನು ಎಲ್ಲಿಗೆ ಅಂತ ಕರೆಯುವುದು? ಅವರಿಗೆ ಕಣ್ಣಿನ ಪೊರೆ ಬೇರೆ, ಹೈವೇ ಮೇಲೆ ಓಡಿಸುವಂತಿರಲಿಲ್ಲ. ನನಗೆ ಲೈಸೆನ್ಸ್ ಇತ್ತು, ಕೊಳೆಯುವಷ್ಟು ಬಿಡುವಿತ್ತು. ಹೊರಟೆವು.

ಆ ಕಡೆಯ ಸ್ಕಾಟ್ಲೆಂಡಿನವರು ಸೇರಿ ಕಟ್ಟಿಕೊಂಡ ಚರ್ಚು ಇನ್ನೂ ಇದೆ. ಆಫೀಸು ನೋಡಿಕೊಳ್ಳುವ ಬಿಳಿಗೂದಲಿನ ಹೆಂಗಸು ಹಳೆಯ ದೀಕ್ಷಾಸ್ನಾನದ, ಅಂದರೆ ಮಕ್ಕಳಿಗೆ ಹೆಸರಿಟ್ಟು ಬರೆದಿಟ್ಟುಕೊಳ್ಳುವ, ಪುಸ್ತಕ ತಂದು ಬೇಸ್‌ಮೆಂಟಿನ ಮೇಜಿನ ಮೇಲೆ ಇಟ್ಟಳು. ಕಂದು ಶಾಯಿ, ಬಾಲ ಬಿಟ್ಟ ಅಕ್ಷರ. ನಾನು ಹುಮ್ಮಸ್ಸಿನಲ್ಲಿ ಬೆರಳಿಟ್ಟು ಓದತೊಡಗಿದೆ.

"ಜೋರಾಗ್ ಓದ್ಬೇಡ," ಅಂಕಲ್ ನನ್ನ ಕೈ ಹಿಡಿದರು. "ಕರೆದ ಹಾಗಾಗತ್ತೆ."

ಅಯ್ಯೋ ರಾಮ, ಆ ಹೆಂಗಸಿಗೆ ಇದೆಲ್ಲ ಏನು ಗೊತ್ತು? ಕನ್ನಡಕ ಏರಿಸಿಕೊಂಡು, ಪ್ರಾರ್ಥನೆ ಹೇಳಿಸುವ ದನಿಯಲ್ಲಿ ಒಂದೊಂದೇ ಓದಿದಳು. ರಾಬರ್ಟ್, ಐಸೊಬೆಲ್ ದಂಪತಿಗೆ ಮಗ ಅಲೆಕ್ಸಾಂಡರ್. ಎರಡು ಪುಟ ಆದ ಮೇಲೆ ಮತ್ತೆ, ಮಗ ಅಲೆಕ್ಸಾಂಡರ್. ಇನ್ನೊಂದಿಷ್ಟು ಪುಟ ಆದ ಮೇಲೆ ಮತ್ತೆ, ಮಗ ಅಲೆಕ್ಸಾಂಡರ್. ಕೊನೆಗೆ ಮಗಳು ಮಾರ್ಗರೆಟ್. ಒಂದೊಂದು ಹೆಸರಿಗೂ ಅಂಕಲ್ ಮೆಟ್ಟಿಲ ಕಡೆ ನೋಡುತ್ತಿದ್ದರು. "ಬರೆಯೋನು ನಿದ್ದೆಗಣ್ಣಲ್ಲಿ ಒಬ್ಬನ್ನೇ ಮೂರು ಸಲ ಬರೆದಿದಾನೆ," ಅಂದೆ ನಾನು. ಇರಬೇಕು ಅಂತ ಇಬ್ಬರೂ ಒಪ್ಪಿಕೊಂಡೆವು.

ಪಾರ್ಕಿಂಗಿನಲ್ಲಿ ಅಂಕಲ್ ಮುಂದಿನ ಬಾಗಿಲು ತೆಗೆದು, ಕೂರದೆ, ಹಾಗೇ ಹಿಡಿದುಕೊಂಡು ನಿಂತರು. "ಏನಾಯ್ತು ಅಂಕಲ್, ಚಳಿ," ಅಂದೆ. "ಸ್ವಲ್ಪ ತಡಿ," ಅಂದರು. ಆಮೇಲೆ ಬಾಗಿಲು ಮೆಲ್ಲಗೆ ಮುಚ್ಚಿ, ತಾವು ಹಿಂದಿನ ಸೀಟಿಗೆ ಹೋಗಿ ಕೂತರು. ಕಾರು ತೆಗೆದೆ. ಎರಡು ಸಿಗ್ನಲ್ ದಾಟಿರಬೇಕು, ನನ್ನ ಪಕ್ಕದ ಖಾಲಿ ಸೀಟಿನ ಹಳದಿ ದೀಪ ಹತ್ತಿಕೊಂಡಿತು.

"ಅಂಕಲ್, ನನ್ ಬ್ಯಾಗಿಗೆ ಹತ್ತಿರ್ಬೇಕು ಅಲ್ವಾ?" ಅಂದೆ. ಬ್ಯಾಗು ನನ್ನ ತೊಡೆಯ ಮೇಲೇ ಇದೆ ಅಂತ ನನಗೆ ಗೊತ್ತಿತ್ತು.

"ಬ್ಯಾಗಿಗೆ ಹತ್ತಲ್ಲ," ಅಂದರು ಹಿಂದಿನಿಂದ. "ಆ ಟೆಸ್ಟು ನಾನೇ ಮಾಡಿಸಿದ್ದು. ನಿಧಾನಕ್ಕೆ ಓಡ್ಸು. ಬ್ರೇಕ್ ಜೋರಾಗ್ ಹಾಕ್ಬೇಡ."

ಆ ಹೊತ್ತಿನಲ್ಲಿ ನಾನು ಏನು ಮಾಡಬೇಕಿತ್ತು ಹೇಳಿ? ಇಳಿದು ಓಡುವುದಕ್ಕೆ ಅದು ಟ್ವೆಂಟಿ ತ್ರೀ ಮೈಲ್ ಅನ್ನುವ ದೊಡ್ಡ ರೋಡು, ಫುಟ್‌ಪಾತ್ ಕೂಡ ಇಲ್ಲ. ಹಲ್ಲು ಕಚ್ಚಿಕೊಂಡು ಮೂವತ್ತೈದು ಮೈಲಿ ವೇಗದಲ್ಲಿ ಓಡಿಸಿದೆ, ಹಿಂದಿನವರೆಲ್ಲ ಹಾರ್ನ್ ಹೊಡೆದರು. ಸಬ್‌ಡಿವಿಷನ್ನಿನೊಳಕ್ಕೆ ತಿರುಗಿ, ಹೊಂಡದ ಪಕ್ಕ ಬಂದಾಗ ದೀಪ ತಾನಾಗಿ ಆರಿತು. ಅವತ್ತು ರಾತ್ರಿ ಗಂಡನಿಗೆ ಹೇಳಿದರೆ ಕಾರನ್ನು ಸರ್ವಿಸಿಗೆ ಬಿಟ್ಟು ಬಂದ. ಏನೂ ಕೆಟ್ಟಿಲ್ಲ ಅಂತ ವಾಪಸ್ಸು ಕೊಟ್ಟರು.

ಮುಂದಿನ ವಾರ ಕೌಂಟಿ ಕ್ಲರ್ಕ್ ಆಫೀಸಿಗೆ ಹೋಗಿ ಸಾವಿನ ದಾಖಲೆ ತೆಗೆಸಿದೆವು. ಅಲ್ಲಿ ಗೊತ್ತಾಯಿತು ನಮ್ಮ ದಡ್ಡತನ. ಅಲೆಕ್ಸಾಂಡರ್, ವಯಸ್ಸು ನಾಲ್ಕು, ಗಂಟಲಮಾರಿ. ಅಲೆಕ್ಸಾಂಡರ್, ವಯಸ್ಸು ಎರಡು, ಜ್ವರ. ಅಲೆಕ್ಸಾಂಡರ್, ವಯಸ್ಸು ಆರು, ಬಾವಿಗೆ ಬಿದ್ದು. ಬರೆದವನು ತೂಕಡಿಸಿರಲಿಲ್ಲ. ಮೂವರು ಬೇರೆ ಬೇರೆ ಹುಡುಗರು. ಒಬ್ಬ ಹೋದಾಗ ಮುಂದೆ ಹುಟ್ಟಿದವನಿಗೆ ಅದೇ ಹೆಸರು. ಅವರ ಕಡೆ ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರು ಇಡುತ್ತಿದ್ದರಂತೆ, ನಮ್ಮಲ್ಲಿ ಇಡುವ ಹಾಗೇ. ಸ್ಕಾಟ್ಲೆಂಡಿನ ಆ ಊರಿನ ಚರ್ಚಿನ ಪುಸ್ತಕ ಕಂಪ್ಯೂಟರಿನಲ್ಲಿ ಸಿಕ್ಕಿತು. ರಾಬರ್ಟನ ಅಪ್ಪನೂ ಅಲೆಕ್ಸಾಂಡರೇ. ಅಪ್ಪನ ಹೆಸರು ಉಳಿಸಬೇಕು ಅಂತ ಆ ರೈತ ಮೂರು ಸಲ ಇಟ್ಟ, ಮೂರು ಸಲ ಹೂತ.

"ನಮ್ಮವ್ವಂಗೂ ಮೂರು," ಅಂದರು ಅಂಕಲ್, ಮೂಗಿನ ಗುಳಿ ಸವರಿಕೊಳ್ಳುತ್ತ. "ನಮ್ಮೋರು ಹೆಸರು ಕೆಡಿಸಿ ಯಮನ್ನ ಓಡ್ಸೋಕೆ ನೋಡಿದ್ರು. ಇವ್ರು ಅದೇ ಹೆಸರಿಟ್ಟು ಹಟ ಹಿಡಿದ್ರು." ಆಮೇಲೆ ಒಮ್ಮೆಲೇ ಗಾಬರಿಯಾದರು. "ನೋಡು, ಒಂದೇ ಎಲೆ ಹಾಕೋರಿದ್ವಿ! ಆ ಹೆಸರು ಕರೆದ್ರೆ ಮೂರು ಮಕ್ಕಳೂ ಓಡಿ ಬರ್ತಿದ್ವು. ಒಂದೇ ಎಲೆ ಮುಂದೆ ಮೂರು ಹಸಿದ ಹುಡುಗರು." ಅವರ ಕಣ್ಣಲ್ಲಿ ನೀರಿತ್ತು. ನೂರೈವತ್ತು ವರ್ಷದ ಹಿಂದಿನ ಬಿಳಿ ಹುಡುಗರಿಗಾಗಿ ಮಂಡ್ಯದ ಕಡೆಯ ಎಂಜಿನಿಯರು ಕೌಂಟಿ ಆಫೀಸಿನಲ್ಲಿ ಅಳುತ್ತಿದ್ದಾರೆ. ನಗು ಬರಬೇಕಿತ್ತು, ಬರಲಿಲ್ಲ. ಇನ್ನೇನಾದರೂ ಹುಡುಕಬೇಕಾ ಅಂತ ಕ್ಲರ್ಕ್ ಕೇಳಿದಾಗ ಅಂಕಲ್ ಬಾಯಿ ತೆರೆದು, ಏನೋ ಹೇಳಹೊರಟು, ಏನಿಲ್ಲ ಅಂದುಬಿಟ್ಟರು.

ಉಳಿದವಳು ಮಾರ್ಗರೆಟ್ ಒಬ್ಬಳು. ಅವಳು ಮದುವೆಯಾಗಿ ಷಿಕಾಗೊದ ಪಶ್ಚಿಮಕ್ಕಿರುವ ಒಂದು ಊರಿಗೆ ಹೋದಳು ಅಂತ ಚರ್ಚಿನ ಪುಸ್ತಕದಲ್ಲಿತ್ತು. ಅವಳಿಗೂ ಎಲೆ ಹಾಕಬೇಕಾ ಅಂತ ತಿಳಿಯಬೇಕಿತ್ತು, ಆ ಊರು ನೇಪರ್‌ವಿಲ್‌ನಿಂದ ಅರ್ಧ ಗಂಟೆಯ ದಾರಿ. ಚಳಿಗಾಲ ಕಳೆದ ಮೇಲೆ, ಮಗಳನ್ನು ನೋಡುವ ನೆಪದಲ್ಲಿ, ಐ-ನೈಂಟಿ ಫೋರ್ ಹೈವೇ ಹಿಡಿದು ಹೋದೆವು. ಅಲ್ಲಿನ ಚರ್ಚಿನಲ್ಲಿ ಅವಳ ಮನೆಯವರ ದಾಖಲೆ ಸಿಕ್ಕಿತು. ಅವಳೂ ತನ್ನ ಮಗನಿಗೆ ಅಲೆಕ್ಸಾಂಡರ್ ಅಂತಲೇ ಇಟ್ಟಿದ್ದಳು. ನಾನು ಉಸಿರು ಬಿಗಿಹಿಡಿದು ಸಾವಿನ ಪುಟ ತಿರುವಿದೆ. ಅವನು ಬದುಕಿದ್ದ. ಮದುವೆಯಾಗಿ, ಮಕ್ಕಳನ್ನು ಪಡೆದು, ಎಂಬತ್ತು ದಾಟಿ ಸತ್ತಿದ್ದ. ಅಂಕಲ್ ಆ ಪುಟವನ್ನು ತುಂಬ ಹೊತ್ತು ನೋಡಿ, "ಮಾರ್ಗರೆಟ್‌ನ ಕರೆಯೋಕೆ ಅವಳ ಮನೆಯೋರಿದಾರೆ, ನಾವು ಎಲೆ ಹಾಕೋದು ಬೇಡ," ಅಂದರು.

ಮಗಳ ಮನೆಯಲ್ಲಿ ಊಟಕ್ಕೆ ಕೂತಾಗ ಜಗಳವಾಯಿತು. "ಅಪ್ಪ, ಯಾರೋ ಮೂರನೆಯವರ ಸಮಾಧಿ ಹುಡ್ಕೊಂಡು ಆರ್ನೂರು ಮೈಲಿ ಓಡಾಡ್ತಿದೀರಲ್ಲ, ಇದೆಲ್ಲ ಯಾರಿಗೋಸ್ಕರ?" ಅಂದಳು ಅವಳು. ಒಳ್ಳೆಯ ಹುಡುಗಿ, ಅಪ್ಪನ ಮೇಲೆ ಪ್ರಾಣ, ಅದಕ್ಕೇ ಕೋಪ. "ಅಮ್ಮಂಗೋಸ್ಕರ" ಅಂದರು. "ಅಮ್ಮಂಗೂ ಇವರಿಗೂ ಏನ್ ಸಂಬಂಧ?" ಅಂಕಲ್ ತಲೆ ತಗ್ಗಿಸಿ ಅನ್ನ ಕಲಸಿದರು. ಮೊಮ್ಮಗ ಐಪ್ಯಾಡಿನಿಂದ ತಲೆ ಎತ್ತಿ, "ಗ್ರ್ಯಾಂಡ್‌ಪಾ, ಆರ್ ದೇ ಘೋಸ್ಟ್ಸ್?" ಅಂತ ಕೇಳಿದ. ಮಗಳು ಎದ್ದು ಐಪ್ಯಾಡ್ ಕಿತ್ತಿಟ್ಟಳು.

ವಾಪಸ್ಸು ಬರುವಾಗ ಅಂಕಲ್ ಮುಂದೆ ನನ್ನ ಪಕ್ಕದಲ್ಲೇ ಕೂತಿದ್ದರು. ಮಿಶಿಗನ್ ಗಡಿ ದಾಟಿದ ಮೇಲೆ, ಕೇಳದೇ ಇದ್ದರೂ ಹೇಳತೊಡಗಿದರು.

"ಈ ಮಗಳಿಗಿಂತ ಮುಂಚೆ ಒಂದ್ ಗಂಡು ಹುಟ್ಟಿತ್ತು ಕಣಮ್ಮ. ಡಿಯರ್‌ಬಾರ್ನ್‌ನಲ್ಲಿ ಅಪಾರ್ಟ್‌ಮೆಂಟಲ್ಲಿದ್ವಿ. ವಾರ ತುಂಬ್ಲಿಲ್ಲ. ಆಸ್ಪತ್ರೆಯೋರೇ ಮಣ್ಣು ಮಾಡಿದ್ರು, ನಿಮ್ಮಾಂಟಿ ವಾರ್ಡಲ್ಲಿದ್ಲು. ಆ ಕೌಂಟಿ ಆಫೀಸಲ್ಲೂ ಇಂಥದೇ ಒಂದ್ ಪುಟ ಇದೆ. ಹೆಸರಿನ ಜಾಗದಲ್ಲಿ ಬರೀ 'ಮಗು' ಅಂತ."

ನನ್ನ ಜನ್ಮದಲ್ಲಿ ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು.

"ಹೆಸರು ಆರಿಸಿದ್ವಿ. ತುಂಬ ಒಳ್ಳೆ ಹೆಸರು. ನನಗಂತೂ ಕೆಟ್ಟ ಹೆಸರು, ಮಗಂಗಾದ್ರೂ ಚೆನ್ನಾಗಿರ್ಲಿ ಅಂತ. ಅದಕ್ಕೇ ಯಮನ ಕಣ್ಣಿಗೆ ಬಿತ್ತು ಅಂತ ನಮ್ಮವ್ವ ಅಂದ್ಲು. ಅದನ್ನ ನಾನು ನಂಬಿಬಿಟ್ಟೆ. ಅವಳು ಪ್ರತಿ ಸಲ ಹಬ್ಬಕ್ಕೆ, ಅದಕ್ಕೂ ಒಂದು ಎಲೆ ಹಾಕೋಣ ರೀ ಅನ್ನೋಳು. ಹೆಸರಿಡದ ಕೂಸಿಗೆ ಎಡೆ ಇಡೋ ಪದ್ಧತಿ ಇಲ್ಲ ಅಂತಿದ್ದೆ. ಕೇಳೋದು ನಿಲ್ಲಿಸಿ ಹಾಲು ಇಡೋಕೆ ಶುರು ಮಾಡಿದ್ಲು."

"ದಿನಾ ಇಡ್ತಿದ್ರಲ್ಲ..."

"ದಿನಾ. ಬೆಳಗ್ಗೆ ಅವಳು ಏಳೋಕ್ ಮುಂಚೆ ನಾನು ಕುಡಿದುಬಿಡ್ತಿದ್ದೆ. ಅವಳಿಗೆ ಖಾಲಿ ಲೋಟ ಕಾಣ್ಲಿ ಅಂತ. ಅಷ್ಟು ವರ್ಷ. ಒಂದ್ ಸಲಾನೂ ಅವಳು ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಎಕ್ಸಿಟ್ ತಪ್ಪಿಸಿಕೊಂಡೆ. ಕಣ್ಣು ಮಂಜಾಗಿ ಬೋರ್ಡು ಕಾಣಲಿಲ್ಲ.

"ಹಬ್ಬದ ದಿನ ಆ ಲೋಟ ಖಾಲಿಯಾಗಿತ್ತಲ್ಲ, ನಾನು ಕುಡಿದಿರ್ಲಿಲ್ಲ," ಅಂದರು. "ಅವತ್ತೇ ಗೊತ್ತಾಯ್ತು ನಂಗೆ, ಬಂದಿದ್ದು ನಮ್ ಕೂಸೇ ಅಂತ. ಬೇರೆಯೋರ ಮಕ್ಕಳು ಅಂದ್ಕೊಂಡ್ರೆ ವಾಸಿ ಅನ್ನಿಸ್ತು."

ಮುಂದಿನ ಎಕ್ಸಿಟ್ಟಿನಲ್ಲಿ ತಿರುಗಿಸಿಕೊಂಡು ಬಂದ ಮೇಲೆ ನಾನು ಕೇಳಿದೆ: "ಹಾಗಾದ್ರೆ ಆವತ್ತು ಈ ಸೀಟಲ್ಲಿ... ಅದು ವಾರದ ಕೂಸು ಅಲ್ವಾ ಅಂಕಲ್? ಹೋದ್ ಮಕ್ಕಳು ಬೆಳೀತಾವಾ?"

ಅಂಕಲ್ ತಾವು ಕೂತ ಸೀಟಿನ ಅಂಚನ್ನು ಒತ್ತಿ ನೋಡಿದರು. "ಅಲ್ಲಿ ಎಷ್ಟು ಬೆಳೀತಾವೋ ಯಾರಿಗ್ ಗೊತ್ತು. ಕಾರ್ ಸೀಟಿಲ್ದೆ ಹಾಗೇ ಕೂತು ಲೈಟ್ ಹತ್ತಿದೆ ಅಂದ್ರೆ ಮೂವತ್ತು ಪೌಂಡಾದ್ರೂ ಇರ್ಬೇಕು," ಅಂದರು. ಅದನ್ನು ಹೇಳುವಾಗ ಅವರ ದನಿಯಲ್ಲಿ ಇದ್ದದ್ದು ಸಂತೋಷ. ಮಗ ದಷ್ಟಪುಷ್ಟವಾಗಿದ್ದಾನೆ ಅನ್ನುವ ಅಪ್ಪನ ಸಂತೋಷ.

ಆ ವರ್ಷದ ಹಬ್ಬಕ್ಕೆ ಮಗಳ ಸಂಸಾರವೂ ಬಂತು. ಊಟದ ಮೇಜನ್ನು ಗೋಡೆಗೆ ಸರಿಸಿ, ಇಂಡಿಯದ ಸಾಮಾನು ಮಾರುವ ಪಟೇಲ್ ಅಂಗಡಿಯ ಫ್ರೀಜರಿನ ಬಾಳೆಎಲೆ ಕರಗಿಸಿ, ನೆಲದ ಮೇಲೆ ಎಲೆ ಹಾಕಿದೆವು. ರಾಬರ್ಟನಿಗೊಂದು, ಐಸೊಬೆಲ್‌ಗೊಂದು, ಅಲೆಕ್ಸಾಂಡರ್ ಅನ್ನುವ ಒಂದೇ ಹೆಸರಿಗೆ ಮೂರು. ಅವರಿಗೆ ಖಾರ ಆಗದು ಅಂತ ಅಂಕಲ್ ತಾವೇ ಓಟ್ಸ್ ಗಂಜಿ ಕಾಯಿಸಿದ್ದರು. "ಸ್ಕಾಟ್ಲೆಂಡಿನೋರಲ್ವಾ ಅಂಕಲ್, ರಾಬರ್ಟಿಗೆ ಒಂದ್ ಪೆಗ್ ಇಡೋಣ," ಅಂದ ನನ್ನ ಗಂಡ. "ಚರ್ಚಿನ ಯಜಮಾನಿಕೆ ಮಾಡಿದ ಮನುಷ್ಯ, ಹೆಂಡ್ತಿ ಮಕ್ಕಳ ಮುಂದೆ ಬೇಡ," ಅಂದರು. ಆ ಸಾಲಿನಿಂದ ಬೇರೆಯಾಗಿ ಆಂಟಿಯ ಎಲೆ, ಹೊಸ ಸೀರೆ, ಕಾಫಿ. ಅದರ ಪಕ್ಕಕ್ಕೆ ಅಂಗೈಯಗಲದ ಒಂದು ಎಲೆ, ಅದರ ಮೇಲೆ ಸಣ್ಣ ಲೋಟದಲ್ಲಿ ಹಾಲು.

"ಇದ್ಯಾರಿಗಪ್ಪ?" ಅಂತ ಮಗಳು ಕೇಳಿದಳು. ಅಂಕಲ್ ಅವಳ ತಲೆ ಮೇಲೆ ಕೈಯಿಟ್ಟು, "ನಿಮ್ಮಣ್ಣಂಗೆ" ಅಂದರು. ಅವಳು ಅಪ್ಪನ ಮುಖ ನೋಡಿದಳು, ಆ ಎಲೆ ನೋಡಿದಳು, ಮೂಲೆಗೆ ಹೋಗಿ ಕೂತುಬಿಟ್ಟಳು. ಅಮ್ಮ ದಿನಾ ಹಾಲಿಡುವುದನ್ನು ನೋಡಿಕೊಂಡೇ ಬೆಳೆದವಳು ಅವಳು. ಹೆಚ್ಚು ಹೇಳುವ ಅಗತ್ಯ ಬೀಳಲಿಲ್ಲ.

ನಾವೆಲ್ಲ ಡ್ರೈವ್‌ವೇಗೆ ಬಂದೆವು. ಅಂಕಲ್ ಒಬ್ಬರೇ ಬಾಗಿಲ ಬಳಿ ನಿಂತು, ಒಳಗೆ ಮುಖ ಮಾಡಿ ಕರೆದರು. ಆ ರೈತನನ್ನು, ಅವನ ಹೆಂಡತಿಯನ್ನು, ಮೂರು ಹುಡುಗರನ್ನು, ಮೂರು ಸಲ ಹೆಸರು ಹೇಳಿ, ಒಂದೊಂದು ಸಲಕ್ಕೂ ನಡುವೆ ಬಿಡುವು ಕೊಟ್ಟು. ಆಮೇಲೆ ಆಂಟಿಯನ್ನು ಹೆಸರು ಹಿಡಿದು ಕರೆದರು. ಕೊನೆಯದನ್ನು ಎಷ್ಟು ಮೆಲ್ಲಗೆ ಕರೆದರೆಂದರೆ ನನಗೆ ಕೇಳಿಸಲಿಲ್ಲ. ಆಮೇಲೆ ಬಾಗಿಲನ್ನು ಕೂಡಲೇ ಹಾಕಲಿಲ್ಲ. ಅವತ್ತು ಚರ್ಚಿನ ಪಾರ್ಕಿಂಗಿನಲ್ಲಿ ಹಿಡಿದ ಹಾಗೆ, ಹಿಡಿದುಕೊಂಡೇ ನಿಂತಿದ್ದರು.

ತಟ್ಟಿ ಒಳಗೆ ಹೋದಾಗ ಆ ರೈತನ ಮನೆಯವರ ಎಲೆಗಳು ಬಡಿಸಿದ ಹಾಗೇ ಇದ್ದವು. ಆಂಟಿಯ ಎಲೆಯ ಮುಂದೆ ಕಾಫಿ ಲೋಟ ಬಟ್ಟಲಲ್ಲಿ ಬೋರಲಾಗಿತ್ತು. ಅದರ ಪಕ್ಕ, ಪುಟ್ಟ ಎಲೆಯ ಮೇಲೆ, ಹಾಲಿನ ಲೋಟವೂ ಬೋರಲಾಗಿತ್ತು. ನೆಲದ ಮೇಲೆ ಒಂದು ತೊಟ್ಟೂ ಚೆಲ್ಲಿರಲಿಲ್ಲ. ನನ್ನ ಗಂಡನ ಬಾಯಿಂದ ಆ ಸಲ ರಕೂನಿನ ಮಾತು ಬರಲಿಲ್ಲ. ಅಂಕಲ್ ಹೋಗಿ ಆ ಎರಡು ಲೋಟಗಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. "ಬಂದಿದ್ಲು," ಅಂದರು. "ಕುಡಿಸ್ಕೊಂಡು ಹೋದ್ಲು." ಚಿಕ್ಕ ಹುಡುಗನ ಹಾಗೆ ಬಿಕ್ಕಿಬಿಕ್ಕಿ ಅತ್ತರು. ಮಗಳು ಹೋಗಿ ತಬ್ಬಿಕೊಂಡಳು.

ಮನೆ ಮಾರಿ, ಅವರು ನೇಪರ್‌ವಿಲ್‌ಗೆ ಹೋದರು. ಅಲ್ಲಿ ಒಂದೇ ಚಳಿಗಾಲ. ಆಸ್ಪತ್ರೆಯಲ್ಲಿದ್ದಾರೆ ಅಂತ ಗೊತ್ತಾದಾಗ ನಾನೊಬ್ಬಳೇ ಓಡಿಸಿಕೊಂಡು ಹೋದೆ. ಅವರು ಕಲಿಸಿದ ಡ್ರೈವಿಂಗು, ದಾರಿಯುದ್ದಕ್ಕೂ ಹಿಮ, ಒಂದು ಕಡೆಯೂ ಜಾರಲಿಲ್ಲ. ನನ್ನನ್ನು ನೋಡಿ ಮೊದಲು ಕೇಳಿದ್ದು, "ಆ ಮೂರು ಹುಡುಗ್ರನ್ನ ಯಾರು ನೋಡ್ಕೊತಾರೆ?" ಅಂತ. "ಒಂದ್ಸಲ ಕರೆದು ಊಟ ಹಾಕಿದ್ಮೇಲೆ ಪ್ರತಿ ವರ್ಷ ಕಾಯ್ತಾರೆ ಕಣಮ್ಮ."

"ನಾನ್ ಇದೀನಲ್ಲ ಅಂಕಲ್, ಹಾಕ್ತೀನಿ," ಅಂದೆ. ಆಮೇಲೆ ಧೈರ್ಯ ಮಾಡಿ ಕೇಳಿದೆ: "ಪಾಪೂ ಹೆಸರು ಹೇಳಿ. ಅವನಿಗೂ ಹಾಕ್ತೀನಿ."

ಅವರು ತಲೆ ಅಲ್ಲಾಡಿಸಿದರು. "ಬೇಡ. ನೀನು ಕರೆದ್ರೆ ಅಮ್ಮ ಅಂತ ನಿನ್ ಮನೇಲೇ ಉಳ್ಕೊಂಡ್ಬಿಡ್ತಾನೆ. ನಾನು ಹೋಗ್ತಿದೀನಲ್ಲ, ನಾನೇ ಕರ್ಕೊಂಡ್ ಬರ್ತೀನಿ. ನನ್ ಹೆಸರು ಕರಿ ಸಾಕು. ಜೋರಾಗ್ ಕರಿ, ನಾಚ್ಕೋಬೇಡ." ಅಷ್ಟು ಹೇಳಿ ನಕ್ಕರು. ಆ ವಾರವೇ ಹೋದರು.

ಅಂದಿನಿಂದ ಪ್ರತಿ ವರ್ಷ ಹಾಕಿದ ಹಾಗೆ ಹೋದ ಸಲವೂ ಮಹಾಲಯ ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಎಲೆ ಹಾಕಿದೆ. ನನ್ನ ಅಪ್ಪ ಅಮ್ಮ ಬದುಕಿದ್ದಾರೆ, ನಮ್ಮ ಕಡೆ ಈ ಪದ್ಧತಿಯೂ ಇಲ್ಲ, ಆದರೂ ಹಾಕಿದೆ. ರಾಬರ್ಟ್, ಐಸೊಬೆಲ್, ಮೂರು ಅಲೆಕ್ಸಾಂಡರ್, ಆಂಟಿಗೆ ಕಾಫಿ, ಅಂಕಲ್‌ಗೆ ಕೋಳಿಸಾರು, ನಡುವೆ ಸಣ್ಣ ಲೋಟದಲ್ಲಿ ಹಾಲು. "ಹೂ ಈಸ್ ಕಮಿಂಗ್, ಅಮ್ಮಾ?" ಅಂತ, ಅಂಕಲ್ ಹೋದ ಮೇಲೆ ಹುಟ್ಟಿದ ನನ್ನ ಪುಟ್ಟ ಮಗಳು ಕೇಳಿದಳು. ಸೀಟಿನಲ್ಲಿ ಯಾರ್ಯಾರಿದ್ದಾರೆ ಅಂತ ನೋಡದೆ ಹೊರಡುವವಳಲ್ಲ ನಾನೀಗ. ಅವಳಿಗೆ ಒಬ್ಬೊಬ್ಬರ ಎಲೆಯನ್ನೂ ತೋರಿಸಿ ಹೇಳಿದೆ. ಆಮೇಲೆ ಹೊಸ್ತಿಲಲ್ಲಿ ನಿಂತು, ತಿಪ್ಪೆಯ ಮೇಲೆ ಇಟ್ಟ ಆ ಹೆಸರನ್ನು ಇಡೀ ಸಬ್‌ಡಿವಿಷನ್ನಿಗೆ ಕೇಳುವ ಹಾಗೆ ಕೂಗಿ ಕರೆದೆ. ಎದುರು ಮನೆಯವನು ನಾಯಿಯ ಸಮೇತ ನಿಂತು ನೋಡಿದ. ನೋಡಲಿ. ಬಾಗಿಲನ್ನು ತಕ್ಷಣ ಹಾಕದೆ ಹಿಡಿದುಕೊಂಡೇ ನಿಂತಿದ್ದೆ, ದೊಡ್ಡವರಿಬ್ಬರು ಬರಲು ಬೇಕಾಗುವಷ್ಟು ಹೊತ್ತು, ಅದರ ಮೇಲೆ ಪುಟ್ಟ ಹೆಜ್ಜೆಯವರಿಗೆ ಇನ್ನೂ ಸ್ವಲ್ಪ ಹೊತ್ತು.